ಬುಟಿಬೋರಿಯ ಹನ್ನೊಂದು ದಿನ

ಗುಜರಾತಿನ ಭರೂಚಿನಿಂದ ಕಾಸ್ಟಿಕ್ ಸೋಡಾ ದ್ರಾವಣ ತುಂಬಿಕೊಂಡು ಬಂದ ಮಧುಸೂದನನ ಟ್ಯಾಂಕರು ನಾಗಪುರದ ಹತ್ತಿರದ ಬುಟಿಬೋರಿಯ ಕಾರ್ಖಾನೆಯ ಗೇಟಿನ ಮುಂದೆ ನಿಂತಾಗ ಜನವರಿ ಎಂಟರ ಬೆಳಗಿನ ಒಂಬತ್ತು ಗಂಟೆ. ಗೇಟಿನವನಿಗೆ ಕಾಗದ ಕೊಟ್ಟಾಯಿತು. ಹೆಲ್ಮೆಟ್ ಹಾಕಿದ ಒಬ್ಬಾತ ಟ್ಯಾಂಕಿನ ಮೇಲೆ ಹತ್ತಿ ಬಾಟಲಿಯಲ್ಲಿ ಸ್ಯಾಂಪಲ್ ತೆಗೆದುಕೊಂಡು ಒಳಗೆ ಹೋದ. ಮಧುಸೂದನ ಕ್ಯಾಬಿನ್ನಿನಲ್ಲಿ ಕೂತು ಹೆಂಡತಿ ಸುಲೋಚನಾಗೆ ಫೋನ್ ಮಾಡಿದ.

"ಸುಲೂ, ಮಧ್ಯಾಹ್ನ ಊಟಕ್ಕ ಮನ್ಯಾಗ ಇರ್ತೇನಿ. ಬದನಿಕಾಯಿ ಪಲ್ಯಾ ಮಾಡು."

"ಖರೇನ ಬರ್ತೀರೋ, ಇಲ್ಲಾ ಹೋದ ಸಲದಂಗ ಹಂಗೇ ರಾಯಪುರಕ್ಕ ಹೋಗ್ತೀರೋ?"

"ಬರೋಬರ್ ಬರ್ತೇನಿ. ಖಾಲಿ ಮಾಡಿದ ಮ್ಯಾಲೆ ಎರಡು ದಿನ ರಜಾ ಅದ."

ಮನೆ ಇದ್ದದ್ದು ಮನೀಶ್ ನಗರದಲ್ಲಿ. ವರ್ಧಾ ರಸ್ತೆ ಹಿಡಿದರೆ ಇಪ್ಪತ್ತು ಕಿಲೋಮೀಟರು. ಅವನು ಮನೆಯ ಮುಖ ನೋಡಿ ಎರಡೂವರೆ ತಿಂಗಳಾಗಿತ್ತು. ಅಷ್ಟರಲ್ಲಿ ಹೊಸೂರು, ಹಲ್ದಿಯಾ, ಲೂಧಿಯಾನ, ಮತ್ತೆ ಭರೂಚ್ ಎಲ್ಲ ಆಗಿತ್ತು. ಎರಡು ಸಲ ನಾಗಪುರದ ಹೊರವರ್ತುಲ ರಸ್ತೆಯಲ್ಲೇ ಹಾದು ಹೋಗಿದ್ದ. ಕಂಪನಿ ಕೊಟ್ಟ ಹೊತ್ತಿನೊಳಗೆ ಮನೆಯ ಕಡೆ ತಿರುಗಲು ಎಡೆ ಇರಲಿಲ್ಲ.

ಹನ್ನೆರಡಕ್ಕೆ ಒಳಗಿನಿಂದ ಸುದ್ದಿ ಬಂತು: ಸ್ಯಾಂಪಲ್ ಫೇಲ್. ದ್ರಾವಣದಲ್ಲಿ ಕಬ್ಬಿಣದ ಅಂಶ ಹೆಚ್ಚಿದೆ, ಮಾಲು ಇಳಿಸಿಕೊಳ್ಳುವುದಿಲ್ಲ. ಭರೂಚಿನವರಿಗೆ ಫೋನ್ ಹೋಯಿತು. ಅವರು, ನಮ್ಮ ಮಾಲು ಶುದ್ಧವಾಗಿತ್ತು, ಬೇಕಾದರೆ ಮೂರನೆಯವರ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ವಾಪಸು ಮಾತ್ರ ತರಬೇಡಿ ಅಂದರು. ಇವರು ಇಳಿಸಿಕೊಳ್ಳುವುದಿಲ್ಲ, ಅವರು ವಾಪಸು ತಗೊಳ್ಳುವುದಿಲ್ಲ. ನಡುವೆ ಇಪ್ಪತ್ತನಾಲ್ಕು ಟನ್ ಕಾಸ್ಟಿಕ್, ಅದರ ಮುಂದೆ ಮಧುಸೂದನ.

ನಾಗಪುರದ ಅಂಚಿನ ವಾಡಿಯಲ್ಲಿದ್ದ ಕಂಪನಿಯ ಕಂಟ್ರೋಲ್ ರೂಮಿನಿಂದ ಸಂಕೇತ್ ಎಂಬ ಹುಡುಗ ಮಾತಾಡಿದ. ದನಿಯಷ್ಟೇ ಪರಿಚಯ, ಮುಖ ನೋಡಿರಲಿಲ್ಲ. "ಕಾಕಾ, ನಿಂತಲ್ಲೇ ನಿಲ್ಲಿ. ಹೊಸ ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗುತ್ತದೆ, ವರದಿ ಬರುವ ತನಕ ಗಾಡಿ ಅಲುಗಾಡಿಸಬೇಡಿ," ಎಂದ ಮರಾಠಿಯಲ್ಲಿ.

"ನನ್ನ ಮನೆ ಇಲ್ಲೇ ಇದೆ. ಒಂದು ತಾಸು ಹೋಗಿ ಬರಲೇ?"

"ಕಾಸ್ಟಿಕ್ ತುಂಬಿದ ಗಾಡಿ ಬಿಟ್ಟು ಹೋಗುವಂತಿಲ್ಲ. ನಿಮಗೆ ಗೊತ್ತಲ್ಲ."

ಮಧುಸೂದನನಿಗೆ ಗೊತ್ತಿತ್ತು. ಚರ್ಮಕ್ಕೆ ತಾಗಿದರೆ ಚರ್ಮ ಕಳಚುವ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುವ ಮಾಲು ಅದು. ಅದನ್ನು ರಸ್ತೆಯ ಬದಿಗೆ ಬಿಟ್ಟು ಹೋಗುವ ಮನಸ್ಸು ಅವನಿಗೂ ಇರಲಿಲ್ಲ. ಬದಲಿಗೆ ಇನ್ನೊಬ್ಬ ಡ್ರೈವರನ್ನು ಕಳಿಸಿ ಎಂದ. ಯಾರೂ ಖಾಲಿ ಇಲ್ಲ ಎಂದಿತು ಆ ಕಡೆಯ ದನಿ.

ಆ ದಿನ ಬದನೆಕಾಯಿ ಪಲ್ಯವನ್ನು ಸುಲೋಚನಾ ಮತ್ತು ಮಗಳು ಯಶಿಕಾ ಇಬ್ಬರೇ ಉಂಡರು.

ಮಧುಸೂದನನಿಗೆ ಆಗ ನಲವತ್ತಾರು. ಅವನ ತಂದೆ ಲಕ್ಷ್ಮೀನಾರಾಯಣ ಬಾಗಲಕೋಟೆಯ ಕಡೆಯವರು. ಅಂಚೆ ಇಲಾಖೆಯ ಲೆಕ್ಕದ ಕಚೇರಿಗೆ ನೌಕರಿ ಸಿಕ್ಕು ನಾಗಪುರಕ್ಕೆ ಬಂದವರು, ಮಹಾಲ್ ಪೇಟೆಯ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದು ಕೊನೆಯ ತನಕ ಅಲ್ಲೇ ಇದ್ದರು. ಮಗ ತನ್ನ ಹಾಗೆ ಮೇಜಿನ ಹಿಂದೆ ಕೂರಬೇಕೆಂಬುದು ಅವರ ಆಸೆ. ಮಗನಿಗೆ ಮೇಜು ಎಂದರೆ ಮೈ ಉರಿ. ಮಹಾಲಿನ ಗಲ್ಲಿಗಳಲ್ಲಿ ಎರಡು ಸೈಕಲ್ಲು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಅಂಥ ಇಕ್ಕಟ್ಟಿನಲ್ಲಿ ಬೆಳೆದವನಿಗೆ ಅಡ್ಡಿಯಿಲ್ಲದ ರಸ್ತೆಯೇ ದೊಡ್ಡ ಕನಸಾಗಿತ್ತು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಭಾರಿ ವಾಹನದ ಲೈಸನ್ಸ್ ಮಾಡಿಸಿಕೊಂಡ ದಿನ ತಂದೆ ಊಟ ಬಿಟ್ಟರು, ಆಮೇಲೆ ನಾಲ್ಕು ತಿಂಗಳು ಮಾತು ಬಿಟ್ಟರು.

ಮದುವೆಯ ಮಾತು ಬಂದಾಗ ಜಮಖಂಡಿಯ ಹೆಣ್ಣಿನ ಕಡೆಯವರಿಗೆ, ಹುಡುಗ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ನೌಕರಿಗಿದ್ದಾನೆ ಎಂದು ಹೇಳಿದರು. ಅದು ಸುಳ್ಳಲ್ಲ. ಆಫೀಸಿನ ನೌಕರಿ ಎಂದು ಅವರು ತಿಳಿದುಕೊಂಡರು, ತಿದ್ದಲು ಯಾರೂ ಹೋಗಲಿಲ್ಲ. ಮದುವೆಯಾಗಿ ಹದಿನೈದನೆಯ ದಿನ ಗಂಡ ಚಾದರ, ಸ್ಟೋವು ಕಟ್ಟಿಕೊಂಡು ಹೊರಟಾಗಲೇ ಸುಲೋಚನಾಗೆ ವಿಷಯ ತಿಳಿದದ್ದು. ಅವಳು ಜಗಳವಾಡಲಿಲ್ಲ. ಆದರೆ ಅಕ್ಕಪಕ್ಕದವರು ಕೇಳಿದರೆ "ಟೂರ್ ಮ್ಯಾಲೆ ಹೋಗ್ಯಾರ" ಎನ್ನುತ್ತಿದ್ದಳು. ಇಪ್ಪತ್ತು ವರ್ಷಗಳಲ್ಲಿ ಅವಳು ಗಂಡನ ಗಾಡಿಯ ಹತ್ತಿರ ಸುಳಿದವಳಲ್ಲ. ಮನೆಯಲ್ಲೇ ಐದಾರನೆಯ ಇಯತ್ತೆಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾ, ಮಗಳನ್ನು ಓದಿಸುತ್ತಾ ತನ್ನ ದಿನ ತಾನು ನಡೆಸಿದ್ದಳು.

ಮೊದಮೊದಲು ಮಧುಸೂದನ ಓಡಿಸಿದ್ದು ಒಬ್ಬ ಸರದಾರ್ಜಿಯ ಲಾರಿ. ಮಾಲು ತುಂಬಿಸಿ, ಇಂಥ ದಿನ ಮುಟ್ಟಿಸು ಎಂದರೆ ಮುಗಿಯಿತು. ಎಲ್ಲಿ ಉಣ್ಣುತ್ತೀ, ಎಲ್ಲಿ ಮಲಗುತ್ತೀ ಅನ್ನುವುದು ಅವನಿಗೆ ಬೇಕಿರಲಿಲ್ಲ. ಸರದಾರ್ಜಿ ಗಾಡಿ ಮಾರಿದ ಮೇಲೆ ಕಂಪನಿ ಸೇರಿದ. ಸಂಬಳ ತಪ್ಪದೆ ಬರುತ್ತಿತ್ತು, ಕ್ಯಾಬಿನ್ನಿಗೆ ಏಸಿ ಬಂತು. ಜೊತೆಗೆ ಒಂದೊಂದೇ ಯಂತ್ರಗಳೂ ಬಂದವು. ಗಾಡಿ ಎಲ್ಲಿದೆ ಎಂದು ತಿಳಿಸುವುದೊಂದು. ಅರವತ್ತರ ಮೇಲೆ ಓಡದಂತೆ ಹಿಡಿಯುವುದೊಂದು. ಡೀಸೆಲ್ ಟ್ಯಾಂಕಿನಲ್ಲಿ ಇಳಿದ ಪ್ರತಿ ಲೀಟರಿನ ಸುದ್ದಿ ವಾಡಿಗೆ ಮುಟ್ಟಿಸುವುದೊಂದು. ಕಡೆಗೆ ಕನ್ನಡಿಯ ಪಕ್ಕ ಒಂದು ಕ್ಯಾಮೆರಾ ಬಂತು, ಅದರ ಮುಖ ರಸ್ತೆಗಲ್ಲ, ಡ್ರೈವರನಿಗೆ. ಆಕಳಿಸಿದರೆ ಕಿರುಚುತ್ತದೆ, ಪಕ್ಕಕ್ಕೆ ತಿರುಗಿದರೆ ಕಿರುಚುತ್ತದೆ. ಒಮ್ಮೆ ಸಿವನಿಯ ಘಾಟಿನಲ್ಲಿ ಜಿಂಕೆಗಳ ಹಿಂಡು ರಸ್ತೆ ದಾಟುವುದನ್ನು ನೋಡುತ್ತ ಕೂತದ್ದಕ್ಕೆ, ಗಮನ ತಪ್ಪಿದೆ ಎಂದು ಅವನ ಹೆಸರಿನ ಮುಂದೆ ಗುರುತು ಬಿತ್ತು. ಅಡ್ಡಿಯಿಲ್ಲದ ರಸ್ತೆ ಬೇಕೆಂದು ಬಂದವನು ಈಗ ಮೂರೂವರೆ ಅಡಿ ಅಗಲದ ಸೀಟಿನಲ್ಲಿ ದೇಶ ಸುತ್ತುತ್ತಿದ್ದ.

ಬುಟಿಬೋರಿಯ ಗೇಟಿನ ಮುಂದೆ ಎರಡನೆಯ ದಿನ ಮಧ್ಯಾಹ್ನ ಒಂದು ಸ್ಕೂಟರ್ ಬಂದು ನಿಂತಿತು. ಮುಖಕ್ಕೆ ಓಢಣಿ ಸುತ್ತಿಕೊಂಡ ಹೆಂಗಸು ಇಳಿದು, ಸಾಲಾಗಿ ನಿಂತ ಗಾಡಿಗಳ ನಂಬರುಗಳನ್ನು ಓದುತ್ತ ಬಂದಳು. ಮಧುಸೂದನ ಮೊದಲು ಗುರುತಿಸಲೇ ಇಲ್ಲ.

"ಹಿಡೀರಿ ಡಬ್ಬಿ," ಎಂದಳು ಸುಲೋಚನಾ ಕೆಳಗಿನಿಂದ. "ಇದಕ್ಕ ಹತ್ತೂದು ಹ್ಯಾಂಗ?"

ಅವನು ಕೈ ಕೊಟ್ಟು ಮೇಲೆ ಎಳೆದುಕೊಂಡ. ಅವಳು ಕೂತು ಸುತ್ತ ನೋಡಿದಳು. ಸೀಟಿನ ಹಿಂದೆ ಒಂದು ಹಲಗೆ, ಅದರ ಮೇಲೆ ತೆಳ್ಳನೆಯ ಗಾದಿ, ತಲೆಯ ಹತ್ತಿರ ನೀರಿನ ಕ್ಯಾನು. ಗಾಜಿನ ಮೇಲೆ ದಾರಕ್ಕೆ ಒಣಹಾಕಿದ ಬನಿಯನ್ನು, ಚಡ್ಡಿ. ಅವನಿಗೆ ನಾಚಿಕೆಯಾಗಿ ಅವನ್ನು ಎಳೆದು ದಿಂಬಿನ ಕೆಳಗೆ ತುರುಕಿದ.

"ಕಾಲು ಚಾಚಿದರ ಗ್ವಾಡಿಗೆ ಬಡಿತಾವಲ್ರಿ," ಎಂದಳು ಅವಳು ಹಲಗೆಯ ಉದ್ದ ನೋಡಿ.

"ಮಡಚಿಕೊಂಡು ಮಲಗ್ತೇನಿ."

"ಮನ್ಯಾಗೂ ನೀವು ಕಾಲು ಮಡಚೇ ಮಲಗ್ತೀರಿ. ನಾ ಥಂಡಿ ಆಗ್ತದೇನೋ ಅಂತ ಎರಡು ಚಾದರಾ ಹೊಚ್ಚತಿದ್ದೆ."

ಅಂದಿನಿಂದ ಅವಳು ದಿನಾ ಬಂದಳು. ಮುಂಜಾನೆಯ ಟ್ಯೂಷನ್ ಮುಗಿಸಿ ಹೊರಟು, ಅವನ ಊಟವಾಗುವ ತನಕ ಕೂತು, ಸಂಜೆಯ ಮಕ್ಕಳು ಬರುವ ಹೊತ್ತಿಗೆ ಮನೆ ಸೇರುತ್ತಿದ್ದಳು. ಮದುವೆಯಾದ ಮೇಲೆ ಇಷ್ಟು ದಿನ ಒಂದೇ ಸಮನೆ ಅವರಿಬ್ಬರು ಎದುರುಬದುರು ಕೂತು ಮಾತಾಡಿದ್ದಿಲ್ಲ. ಆದರೆ ಮಧುಸೂದನನಿಗೆ ಅದರ ಸುಖ ಪೂರ್ತಿ ದಕ್ಕಲಿಲ್ಲ. ಎರಡೆರಡು ತಾಸಿಗೊಮ್ಮೆ ಫೋನಿನಲ್ಲಿ ಬಟನ್ ಒತ್ತಿ, ನಾನು ಗಾಡಿಯಲ್ಲೇ ಇದ್ದೇನೆ ಎಂದು ತಿಳಿಸಬೇಕು. ಶೌಚಕ್ಕೆಂದು ಎದುರಿನ ಡಾಬಾಕ್ಕೆ ಹೋದರೂ ಓಡೋಡಿ ಬರಬೇಕು. ಊಟದ ನಡುವೆ ಫೋನ್ ಟಿಣ್ ಎಂದರೆ ಅವನು ಎಡಗೈಯಿಂದ ಒತ್ತುತ್ತಿದ್ದ. ಅವಳು ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದಳು.

ಐದನೆಯ ದಿನ ರವಿವಾರ. ಯಶಿಕಾಳೂ ಬಂದಳು. ಹತ್ತೊಂಬತ್ತರ ಹುಡುಗಿ, ಫಾರ್ಮಸಿ ಓದುತ್ತಿದ್ದವಳು. ಮರಾಠಿಯಲ್ಲಿ ಶುರು ಮಾಡಿದ ಮಾತು ಕನ್ನಡದಲ್ಲಿ ಮುಗಿಸುವವಳು. ಕ್ಯಾಮೆರಾ ನೋಡಿ, "ಅಪ್ಪಾ, ಹೆ ಕಾಯ್? ಇದು ಈಗೂ ನಮ್ಮನ್ನ ನೋಡ್ಲಿಕ್ಕತ್ತದೇನು?" ಎಂದಳು.

"ಹೂಂ. ಗಾಡಿ ನಿಂತರೂ ನೋಡ್ತದ."

ಅವಳು ಹಣೆಯ ಟಿಕಲಿ ಕಿತ್ತು ಕ್ಯಾಮೆರಾದ ಕಣ್ಣಿಗೆ ಅಂಟಿಸಿದಳು. ಮೂವರೂ ನಕ್ಕರು. ನಗು ಮುಗಿಯುವ ಮೊದಲೇ ಸಂಕೇತನ ಫೋನ್ ಬಂತು. "ಕಾಕಾ, ಕ್ಯಾಮೆರಾಕ್ಕೆ ಏನೋ ಅಡ್ಡ ಬಂದಿದೆ. ತೆಗೀರಿ, ಇಲ್ಲದಿದ್ದರೆ ನಾನು ದೂರು ಬರೆಯಬೇಕಾಗುತ್ತದೆ."

ಮಧುಸೂದನ ಟಿಕಲಿ ಕಿತ್ತ. ಕೆಂಪು ಚುಕ್ಕೆ ಅವನ ಬೆರಳಿಗೇ ಅಂಟಿಕೊಂಡಿತ್ತು. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ತಂದೆಯನ್ನು ಬೇರೊಬ್ಬರು ಹಾಗೆ ಆಡಿಸುವುದನ್ನು ಅವಳು ಅದೇ ಮೊದಲು ನೋಡಿದ್ದು. ಹೊರಡುವಾಗ ಅವನ ತೋಳು ಹಿಡಿದು ಒಂದು ಸಲ ಒತ್ತಿ ಇಳಿದು ಹೋದಳು.

ಲ್ಯಾಬಿನ ವರದಿ ಬರಲಿಲ್ಲ. ರವಿವಾರ ಅಂದರು, ಆಮೇಲೆ ಸಂಕ್ರಾಂತಿ ಅಂದರು. ಹಬ್ಬದ ದಿನ ಬುಟಿಬೋರಿಯ ಆಕಾಶದ ತುಂಬ ಗಾಳಿಪಟಗಳು. ತುಂಡಾದ ಒಂದು ಪಟ ಟ್ಯಾಂಕಿನ ಏಣಿಗೆ ಬಂದು ಸಿಕ್ಕಿಕೊಂಡಿತು, ಅದರ ಮಾಂಜಾ ದಾರ ಬಿಡಿಸಲು ಹೋಗಿ ಮಧುಸೂದನ ಬೆರಳು ಕೊಯ್ದುಕೊಂಡ. ಸುಲೋಚನಾ ಕುಸುರೆಳ್ಳು ತಂದು ಕೈಗೆ ಹಾಕಿದಳು, ಪಕ್ಕದ ಗಾಡಿಗಳ ಡ್ರೈವರುಗಳಿಗೂ ಹಂಚಿದಳು. ಅವರ ಗಾಡಿಗಳು ಬರುತ್ತಿದ್ದವು, ಖಾಲಿಯಾಗಿ ಹೋಗುತ್ತಿದ್ದವು. ಏಳು ದಿನದಲ್ಲಿ ನಲವತ್ತು ಗಾಡಿ ಅವನನ್ನು ದಾಟಿ ಒಳಗೆ ಹೋಗಿದ್ದವು.

ಹಬ್ಬದ ಮರುದಿನ ಮೋಡ ಕವಿಯಿತು. ಸೂರ್ಯ ಕಾಣಲಿಲ್ಲ, ಜಿನುಗು ಮಳೆ ಹಿಡಿಯಿತು. ಥಂಡಿ ಹಗಲಿನಲ್ಲೂ ಬಿಡಲಿಲ್ಲ. ಡ್ರೈವರುಗಳು ಟಯರ್ ಚೂರು ಸುಟ್ಟು ಕೈ ಕಾಯಿಸಿಕೊಂಡರು. ಮಧುಸೂದನ ಮಾತ್ರ ಬೆಂಕಿಯ ಹತ್ತಿರ ಹೋಗದೆ ಟ್ಯಾಂಕಿನ ಸುತ್ತ ತಿರುಗುತ್ತಿದ್ದ, ಅಲ್ಲಲ್ಲಿ ಅಂಗೈ ಇಟ್ಟು ನೋಡುತ್ತಿದ್ದ. ಭರೂಚಿನಲ್ಲಿ ತುಂಬುವಾಗ ಮಾಲು ಕೈಯಿಡಲಾರದಷ್ಟು ಬಿಸಿ ಇತ್ತು. ಹಬ್ಬದ ತನಕ ಉಗುರುಬೆಚ್ಚಗಿತ್ತು. ಈಗ ಕಬ್ಬಿಣ ಕಬ್ಬಿಣದ ಹಾಗೇ ತಣ್ಣಗಿತ್ತು.

"ಏನು ನೋಡ್ತೀರಿ ಅಷ್ಟು ಸಲ?" ಎಂದು ಸುಲೋಚನಾ ಕೇಳಿದಳು.

"ಥಂಡಿಗೆ ಕೊಬ್ಬರಿ ಎಣ್ಣಿ ಬಾಟಲಿಯೊಳಗ ಹೆಪ್ಪುಗಟ್ಟತದಲ್ಲ, ಇದೂ ಹಂಗ. ಭಾಳ ತಣ್ಣಗಾದರ ಗಟ್ಟಿ ಆಗ್ತದ. ಒಂದು ಸಲ ಹೊಟ್ಟೆಯೊಳಗ ಗಡ್ಡಿ ಕಟ್ಟಿತು ಅಂದರ ಮಾಲೂ ಹೋತು, ಟ್ಯಾಂಕರೂ ಹೋತು."

ಹತ್ತನೆಯ ದಿನ ಬೆಳಗ್ಗೆ ಅವನು ರಬ್ಬರಿನ ಕೈಗವಸು ತೊಟ್ಟು, ಮುಖಕ್ಕೆ ಗಾಜಿನ ಪರದೆ ಕಟ್ಟಿಕೊಂಡು, ಹಿಂದಿನ ಕೊಳವೆಯ ಮುಚ್ಚಳ ಬಿಚ್ಚಿದ. ಹನಿ ಬೀಳಬೇಕಾದ ಕಡೆ ಬೆಳ್ಳನೆಯ ಹರಳು ಕೂತಿತ್ತು. ವಾಲ್ವಿನ ಹಿಡಿಕೆ ತಿರುಗಲಿಲ್ಲ. ಮುಚ್ಚಳ ಹಾಕಿ ಸಂಕೇತನಿಗೆ ಫೋನ್ ಮಾಡಿದ. ಟ್ಯಾಂಕಿನ ಒಳಗೆ ಸುರುಳಿ ಕೊಳವೆ ಇದೆ, ಅದರಲ್ಲಿ ಸ್ಟೀಮ್ ಹಾಯಿಸಿದರೆ ಮಾಲು ಕರಗುತ್ತದೆ, ಇವತ್ತೇ ಆಗಬೇಕು ಎಂದ.

"ಕಾರ್ಖಾನೆಯವರ ಹತ್ತಿರ ಕೇಳಿ."

"ಕೇಳಿದೆ. ತಮ್ಮದಲ್ಲದ ಮಾಲಿಗೆ ಸ್ಟೀಮ್ ಕೊಡುವುದಿಲ್ಲವಂತೆ."

"ಹಾಗಾದರೆ ನಾನು ಮೇಲಿನವರಿಗೆ ಮೇಲ್ ಹಾಕುತ್ತೇನೆ."

"ಮೇಲ್ ಹೋಗಿ ಬರುವಷ್ಟರಲ್ಲಿ ಕಲ್ಲಾಗುತ್ತದೆ, ಬಾಬಾ!"

ಸಂಕೇತ್ ಬರೆದದ್ದನ್ನು ಓದುವವನ ಹಾಗೆ ಹೇಳಿದ: "ಮಾಲು ಕೆಟ್ಟರೆ ಗಾಡಿಯ ಹತ್ತಿರ ಇದ್ದವರ ಜವಾಬ್ದಾರಿ ಎಂದು ನಿಯಮ ಇದೆ, ಕಾಕಾ."

ಮಧುಸೂದನ ಫೋನ್ ಇಟ್ಟು ಬಿಂದುಮಾಧವನನ್ನು ನೆನಪಿಸಿಕೊಂಡ. ಮಹಾಲಿನ ಅದೇ ವಾಡೆಯಲ್ಲಿ ಜೊತೆಗೆ ಬೆಳೆದವನು, ಉಮರೇಡ್ ರಸ್ತೆಯ ಒಂದು ಬಟ್ಟೆ ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅವನಿಗೆ ಫೋನ್ ಮಾಡಿ ಕೇಳಿದ, ಅರ್ಧ ತಾಸಿಗೆ ಅವನ ಫೋನ್ ತಿರುಗಿ ಬಂತು. "ತೊಗೊಂಡು ಬಾರೋ," ಎಂದ ಬಿಂದುಮಾಧವ. "ನಮ್ಮ ಸಾಹೇಬರಿಗೆ ಕೇಳೇನಿ. ಸಂಜೀ ತನಕ ಸ್ಟೀಮ್ ಕೊಡ್ತೇನಿ. ಜಲ್ದಿ ಬಾ, ಬಾಕಿದ್ದು ಆಮ್ಯಾಲೆ."

ಮೂವತ್ತೆಂಟು ಕಿಲೋಮೀಟರು. ಒಪ್ಪಿಗೆ ಕೇಳಿದರೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಹೇಳದೆ ದಾರಿ ತಪ್ಪಿಸಿದವನಲ್ಲ ಮಧುಸೂದನ. ಆ ದಿನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದ. ಗಾಡಿ ಸದ್ದು ಮಾಡಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಎದುರಿನ ಪುಟ್ಟ ಪರದೆಯ ಮೇಲೆ ಅಕ್ಷರ ಮೂಡಿತು: ಕಂಟ್ರೋಲ್ ರೂಮಿನಿಂದ ಎಂಜಿನ್ ಬಂದ್ ಮಾಡಲಾಗಿದೆ.

ಅವನು ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಕೂತುಬಿಟ್ಟ. ವಾಡಿಯಲ್ಲಿ ಕೂತೇ ಗಾಡಿಗೆ ಬೀಗ ಹಾಕಬಲ್ಲರು ಎಂದು ಕೇಳಿದ್ದ. ಕಳ್ಳರಿಗಾಗಿ ಎಂದುಕೊಂಡಿದ್ದ.

ಸುಲೋಚನಾ ಡಬ್ಬಿ ಹಿಡಿದುಕೊಂಡು ಬಂದಾಗ ಅವನು ಹಾಗೇ ಕೂತಿದ್ದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಬೀಗ ಹಾಕಿದಾವ ಎಲ್ಲಿ ಕೂತಾನ?"

"ವಾಡ್ಯಾಗ. ಮೂರನೇ ಮಜಲ್ಯಾಗ. ಯಾಕ?"

"ಅವನ ಹೆಸರೇನಂದ್ರಿ?"

"ಸಂಕೇತ್. ಸುಲೂ, ನೀ ಅಲ್ಲೆ ಹೋಗಬ್ಯಾಡ. ಒಳಗ ಬಿಡೂದಿಲ್ಲ."

ಅವಳು ಡಬ್ಬಿ ಸೀಟಿನ ಮೇಲಿಟ್ಟಳು. "ಬಿಸಿ ಅದ, ಉಣ್ಣರಿ," ಎಂದು ಇಳಿದು ಸ್ಕೂಟರ್ ತಿರುಗಿಸಿದಳು. ಜಿನುಗು ಮಳೆಯಲ್ಲಿ ಅವಳ ಓಢಣಿ ಕಾಣುವಷ್ಟು ದೂರ ಕಂಡಿತು.

ವಾಡಿಯಲ್ಲಿ ನಡೆದದ್ದನ್ನು ಮಧುಸೂದನ ಆಮೇಲೆ ಇಬ್ಬರ ಬಾಯಿಂದಲೂ ಕೇಳಿದ. ಗೇಟಿನವನು ತಡೆದಾಗ ಸುಲೋಚನಾ, "ನಾನು ನಿಮ್ಮ ಡ್ರೈವರನ ಹೆಂಡತಿ, ಟ್ಯಾಂಕರಿನವರದು," ಎಂದು ರಸ್ತೆಯಲ್ಲಿದ್ದವರಿಗೂ ಕೇಳುವಂತೆ ಹೇಳಿದ್ದಳಂತೆ. ಆ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಮೇಲೆ ಗೋಡೆಯಷ್ಟು ದೊಡ್ಡ ಪರದೆ, ಅದರ ಮೇಲೆ ಭಾರತದ ನಕ್ಷೆ, ನಕ್ಷೆಯ ತುಂಬ ಹಸಿರು ಕೆಂಪು ಚುಕ್ಕೆಗಳು. ಅದರ ಮುಂದೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ, ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಅಮರಾವತಿಯವನು.

"ಕಾಕು, ಹೊರಗಿನವರು ಇಲ್ಲಿ ಬರುವಂತಿಲ್ಲ," ಎಂದ ಅವನು.

"ಇದರಲ್ಲಿ ನಮ್ಮವರು ಯಾವುದು?" ಎಂದು ಸುಲೋಚನಾ ಪರದೆ ನೋಡುತ್ತ ಮರಾಠಿಯಲ್ಲಿ ಕೇಳಿದಳು. ಮಕ್ಕಳಿಗೆ ಗಣಿತ ಹೇಳುವ ದನಿ ಅದು. ಉತ್ತರ ಕೊಡದಿರಲು ಆಗುವುದಿಲ್ಲ.

ಸಂಕೇತ್ ನಾಗಪುರದ ಕೆಳಗಿನ ಕೆಂಪು ಚುಕ್ಕೆ ತೋರಿಸಿದ.

"ಅದು ಬಿಸಿ ಇದೆಯೋ ತಣ್ಣಗಿದೆಯೋ ಇಲ್ಲಿ ಕಾಣುತ್ತದೆಯೇ?"

"ಇಲ್ಲ."

"ಹಾಗಾದರೆ ಮುಟ್ಟಿ ನೋಡಿದವರ ಮಾತು ಕೇಳಬೇಕು. ಕೇಳುವುದಿಲ್ಲ ಅಂತಾದರೆ ನೀನೇ ಬಂದು ಮುಟ್ಟಿ ನೋಡಬೇಕು. ಸ್ಕೂಟರ್ ಕೆಳಗಿದೆ."

ದೊಡ್ಡ ಸಾಹೇಬರು ಪುಣೆಗೆ ಹೋಗಿದ್ದರು, ಫೋನ್ ಎತ್ತುತ್ತಿರಲಿಲ್ಲ. ಸಂಕೇತನ ಊಟದ ಹೊತ್ತು ಹತ್ತಿರವಾಗಿತ್ತು. ಅವನು ಪಕ್ಕದವನಿಗೆ ಏನೋ ಹೇಳಿ ಹೆಡ್‌ಫೋನ್ ತೆಗೆದಿಟ್ಟ.

ಮಧ್ಯಾಹ್ನ ಒಂದೂವರೆಗೆ ಸ್ಕೂಟರ್ ವಾಪಸು ಬಂದಾಗ ಹಿಂದಿನ ಸೀಟಿನಲ್ಲಿ ಒದ್ದೆಯಾಗಿ ನಡುಗುತ್ತಿದ್ದ ಹುಡುಗನನ್ನು ಕಂಡು ಮಧುಸೂದನ ಇಳಿದು ಬಂದ. ಇಬ್ಬರೂ ಒಂದು ಗಳಿಗೆ ಪರಸ್ಪರ ನೋಡಿದರು. ದನಿಯಿಂದ ಅವನು ಇನ್ನೂ ದೊಡ್ಡವನಿರಬೇಕು ಎಂದುಕೊಂಡಿದ್ದ ಮಧುಸೂದನ.

ಸಂಕೇತ್ ಟ್ಯಾಂಕಿಗೆ ಅಂಗೈ ಇಟ್ಟ, ಸರಕ್ಕನೆ ತೆಗೆದ. ಮಧುಸೂದನ ಅವನನ್ನು ದೂರ ನಿಲ್ಲಿಸಿ, ಮುಚ್ಚಳ ಬಿಚ್ಚಿ ಬಿಳಿಯ ಹರಳು ತೋರಿಸಿದ. ಬೆಳಗ್ಗೆ ಹೆಬ್ಬೆರಳಿನಷ್ಟಿದ್ದದ್ದು ಈಗ ಕೊಳವೆಯ ಬಾಯಿ ತುಂಬಿತ್ತು. ಒಂದು ವರ್ಷದಿಂದ ಅರವತ್ತು ಟ್ಯಾಂಕರುಗಳನ್ನು ನಡೆಸುತ್ತಿದ್ದೇನೆ, ಇಷ್ಟು ಹತ್ತಿರದಿಂದ ಒಂದನ್ನೂ ನೋಡಿರಲಿಲ್ಲ ಎಂದ ಹುಡುಗ. ಕ್ಯಾಬಿನ್ ಹತ್ತಿ ಹಲಗೆ ನೋಡಿದ, ಕ್ಯಾಮೆರಾ ನೋಡಿದ.

"ಬೀಗ ನಾನು ತೆಗೆದರೆ ನನ್ನ ಹೆಸರು ಬರುತ್ತದೆ, ಕಾಕಾ."

"ತೆಗೆಯದಿದ್ದರೆ ನನ್ನದು ಬರುತ್ತದೆ."

ಸಂಕೇತ್ ಒದ್ದೆ ಬೆರಳುಗಳನ್ನು ಪ್ಯಾಂಟಿಗೆ ಒರೆಸಿ ಫೋನಿನಲ್ಲಿ ಏನೋ ಒತ್ತಿದ. ಪರದೆಯ ಅಕ್ಷರ ಅಳಿಸಿತು. ಮಧುಸೂದನ ಕೀಲಿ ತಿರುಗಿಸಿದ. ಹತ್ತು ದಿನ ನಿಂತ ಎಂಜಿನ್ ಎರಡು ಸಲ ಕೆಮ್ಮಿ ಶುರುವಾಯಿತು. ಸುಲೋಚನಾ ಸಂಜೆಯ ಟ್ಯೂಷನ್ನಿಗೆ ಮನೆಯ ಕಡೆ ಹೊರಟಳು.

ಉಮರೇಡ್ ರಸ್ತೆಯ ಆ ಮೂವತ್ತೆಂಟು ಕಿಲೋಮೀಟರನ್ನು ಅವನು ಮರೆಯುವುದಿಲ್ಲ. ತುಂಬಿದ ಟ್ಯಾಂಕರಿನಲ್ಲಿ ಬ್ರೇಕ್ ಒತ್ತಿದರೆ ಒಳಗಿನ ದ್ರಾವಣ ಮುಂದೆ ನುಗ್ಗಿ ಬೆನ್ನಿಗೆ ಗುದ್ದಿದಂತಾಗುತ್ತದೆ; ಡ್ರೈವರುಗಳಿಗೆ ಅದು ರೂಢಿ. ಆ ದಿನ ಗುದ್ದು ಬರಲಿಲ್ಲ. ಮಾಲು ಪಾಕದಂತೆ ಮಂದವಾಗಿತ್ತು. ಪ್ರತಿ ತಿರುವಿನಲ್ಲೂ ಅವನು ಆ ಗುದ್ದಿಗಾಗಿ ಕಾದ. ಸಂಕೇತ್ ಪಕ್ಕದಲ್ಲಿ ಕೂತು ಸುಲೋಚನಾ ತಂದ ಡಬ್ಬಿಯಿಂದ ಭಕ್ಕರಿ ತಿಂದ.

ಬಿಂದುಮಾಧವ ಗೇಟು ತೆಗೆದು ಕಾಯುತ್ತಿದ್ದ. ದಪ್ಪ ನಳಿಕೆ ತಂದು ಸುರುಳಿ ಕೊಳವೆಗೆ ಸಿಕ್ಕಿಸಿ ಸ್ಟೀಮ್ ಬಿಟ್ಟ. ಬಿಳಿಯ ಹೊಗೆ ಅಂಗಳ ತುಂಬಿತು. ಒಂದು ತಾಸು ಏನೂ ಆಗಲಿಲ್ಲ. ಎರಡನೆಯ ತಾಸಿಗೆ ಟ್ಯಾಂಕಿನ ಮೈ ಬೆಚ್ಚಗಾಯಿತು. ಐದೂವರೆಗೆ ಮಧುಸೂದನ ವಾಲ್ವಿನ ಹಿಡಿಕೆಗೆ ಕೈ ಹಾಕಿದಾಗ ಅದು ಬೆಣ್ಣೆಯಲ್ಲಿ ಚಾಕು ಹೋದಂತೆ ತಿರುಗಿತು. ಅವನು ಅಲ್ಲೇ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಮುಖದ ಪರದೆ ತೆಗೆಯದೆಯೇ ಅತ್ತ. ಬಿಂದುಮಾಧವ ನೋಡದವನ ಹಾಗೆ ಚಹಾ ತರಲು ಹೋದ.

ರಾತ್ರಿ ಗಾಡಿ ಬುಟಿಬೋರಿಗೆ ವಾಪಸಾಯಿತು. ಮರುದಿನ ಲ್ಯಾಬಿನ ವರದಿ ಬಂತು. ಮಾಲು ಸರಿಯಾಗಿತ್ತು. ಮೊದಲ ದಿನ ಸ್ಯಾಂಪಲ್ ತೆಗೆದ ಬಾಟಲಿಯ ಮುಚ್ಚಳಕ್ಕೆ ತುಕ್ಕು ಹಿಡಿದಿತ್ತಂತೆ. ಹನ್ನೊಂದು ದಿನ ಕಾದ ಮಾಲು ಬುಟಿಬೋರಿಯ ಗೇಟಿನೊಳಗೆ ಎರಡು ತಾಸಿನಲ್ಲಿ ಖಾಲಿಯಾಯಿತು. ಯಾರೂ ತಪ್ಪಾಯಿತು ಎನ್ನಲಿಲ್ಲ. ಹೆಲ್ಮೆಟ್ಟಿನವನು ಸಹಿ ಮಾಡಿದ ಕಾಗದ ಕೈಗಿಟ್ಟು, "ಗಾಡಿ ಬೇಗ ತೆಗೀ, ಹಿಂದಿನವರು ಕಾಯ್ತಿದ್ದಾರೆ," ಎಂದ.

ಆ ಸಂಜೆ ಮಧುಸೂದನ ಮನೆಯಲ್ಲಿದ್ದ. ಎಣ್ಣೆ ಹಚ್ಚಿಕೊಂಡು ಬಿಸಿನೀರು ಎರೆದುಕೊಂಡ. ಎರಡು ದಿನದ ರಜೆಯಲ್ಲಿ ಒಂದೂಮುಕ್ಕಾಲು ದಿನ ನಿದ್ದೆ ಮಾಡಿದ. ಮೂರನೆಯ ದಿನ ಬೆಳಗ್ಗೆ ಫೋನಿಗೆ ಎಚ್ಚರಿಕೆಯ ಪತ್ರ ಬಂದಿತ್ತು: ಒಪ್ಪಿಗೆಯಿಲ್ಲದೆ ಮಾರ್ಗ ಬದಲಾವಣೆ, ಹೊರಗಿನವರನ್ನು ಗಾಡಿಯಲ್ಲಿ ಕೂರಿಸಿಕೊಂಡದ್ದು. ಅದರ ಕೆಳಗೆ ಮುಂದಿನ ಟ್ರಿಪ್: ಝಾರಸುಗುಡಾ.

"ಮಾಲು ಉಳಿಸಿದ್ದು ಬರದಾರೇನು ಅದರಾಗ?" ಎಂದು ಸುಲೋಚನಾ ಕೇಳಿದಳು.

"ಇಲ್ಲ."

"ಬಿಟ್ಟುಬಿಡ್ರಿ. ಬ್ಯಾರೆ ಏನರ ನೋಡೋಣಂತ."

ಅವನು ಆಗಲಿ ಎಂದು ತಲೆಯಾಡಿಸಿದ, ಮೊದಲು ಲೈಸನ್ಸ್ ವಾಪಸು ಕೇಳಿ ನೋಡುತ್ತೇನೆ ಎಂದ. ವಾಡಿಗೆ ಹೋಗುವ ದಾರಿಯುದ್ದಕ್ಕೂ ಬಿಟ್ಟುಬಿಡುವ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡೇ ಹೋದ. ಅಂಗಳದಲ್ಲಿ ಸಂಕೇತ್ ಸಿಕ್ಕ. ಅವನನ್ನು ಮೂರನೆಯ ಮಜಲೆಯಿಂದ ಕೆಳಗಿಳಿಸಿ ಟಯರ್ ಎಣಿಸುವ ಕೆಲಸಕ್ಕೆ ಹಾಕಿದ್ದರು. ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು, "ಇಲ್ಲಿ ಬಿಸಿಲಾದರೂ ಬರುತ್ತದೆ, ಕಾಕಾ," ಎಂದು ನಗಲು ನೋಡಿದ.

ಆಫೀಸಿನ ಕಿಟಕಿಯಲ್ಲಿ ಗುಮಾಸ್ತೆ ಸುಮೇಧಾ ಕೂತಿದ್ದಳು. ಕಂಪನಿ ಸೇರುವಾಗ ಎಲ್ಲ ಡ್ರೈವರುಗಳೂ ತಮ್ಮ ಲೈಸನ್ಸಿನ ಮೂಲಪ್ರತಿಯನ್ನು ಅಲ್ಲಿ ಕೊಡಬೇಕಿತ್ತು. ದಾರಿಯಲ್ಲಿ ತೋರಿಸಲು ಫೋನಿನೊಳಗಿನ ನಕಲು ಸಾಕು ಎನ್ನುತ್ತಿದ್ದರು.

"ನನ್ನ ಲೈಸನ್ಸ್ ಬೇಕಿತ್ತು," ಎಂದ ಮಧುಸೂದನ.

"ಕೆಲಸ ಬಿಡುವವರಿಗೆ ಕೊಡುತ್ತೇವೆ. ಬಿಡುತ್ತೀರಾ?"

ಅವಳ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ಅರ್ಜಿಯ ಕಾಗದ ಹುಡುಕಲು ಆಗಲೇ ಬಗ್ಗಿದ್ದಳು. ಮಧುಸೂದನ ಕಿಟಕಿಯ ಕಂಬಿ ಹಿಡಿದು ನಿಂತ. ಯಶಿಕಾಳ ಓದು ಇನ್ನೂ ಎರಡು ವರ್ಷ ಇತ್ತು. ನಲವತ್ತಾರರ ಮೇಲೆ ಬೇರೆ ಯಾವ ಕಂಪನಿಗೆ ಹೋದರೂ ಇಂಥದೇ ಸೀಟು, ಇಂಥದೇ ಕ್ಯಾಮೆರಾ. ಗಾಡಿ ಓಡಿಸುವುದನ್ನು ಬಿಟ್ಟು ಅವನಿಗೆ ಬರುತ್ತಿದ್ದದ್ದಾದರೂ ಏನು?

"ಇಲ್ಲ," ಎಂದ. "ಇದೆಯೋ ಇಲ್ಲವೋ ನೋಡಿ ಹೋಗೋಣ ಅಂತ."

ಸುಮೇಧಾ ಡ್ರಾಯರ್ ಎಳೆದಳು. ರಬ್ಬರ್ ಬ್ಯಾಂಡು ಹಾಕಿದ ಕಂತೆಗಳಲ್ಲಿ ಒಂದನ್ನು ಬಿಚ್ಚಿ ಅವನದನ್ನು ತೋರಿಸಿದಳು. ಇಪ್ಪತ್ತನಾಲ್ಕರ ಹುಡುಗ, ತಲೆತುಂಬ ಕೂದಲು, ಈಗಷ್ಟೇ ಯಾರಿಗೋ ಎದುರು ಮಾತಾಡಿ ಬಂದವನ ಹಾಗೆ ಗದ್ದ ಎತ್ತಿ ನೋಡುತ್ತಿದ್ದ. ಅವಳು ಅದನ್ನು ಕಂತೆಗೆ ಸೇರಿಸಿ ಡ್ರಾಯರ್ ಮುಚ್ಚಿದಳು.

ಝಾರಸುಗುಡಾದ ದಾರಿಯಲ್ಲಿ, ಭಂಡಾರಾ ದಾಟುವ ಮೊದಲು ಸುಲೋಚನಾ ಫೋನ್ ಮಾಡಿದಳು.

"ಏನಂದ್ರು? ಲೈಸನ್ಸ್ ಕೊಟ್ಟರೇನು?"

"ನೋಡಿ ಬಂದೆ. ಅದ."

"ನೋಡಿ ಬಂದ್ರಿ ಅಂದರ? ತೊಗೊಂಡು ಬರಲಿಲ್ಲೇನು?"

ಗಾಡಿ ಅರವತ್ತರಲ್ಲಿ ಹೋಗುತ್ತಿತ್ತು. ಮಧುಸೂದನ ಕ್ಯಾಮೆರಾದ ಕಡೆ ಒಮ್ಮೆ ನೋಡಿದ.

"ಮುಂದ ಟ್ರಾಫಿಕ್ ಅದ, ಸುಲೂ," ಎಂದ. "ಆಮ್ಯಾಲೆ ಮಾತಾಡ್ತೇನಿ."

ಫೋನ್ ಇಟ್ಟ. ಮುಂದೆ ಕಣ್ಣು ಹಾಯುವಷ್ಟು ದೂರಕ್ಕೂ ರಸ್ತೆ ಖಾಲಿ ಇತ್ತು.